ಅಕ್ಕೋರ ಮೋಟಾರಿನ ಮುಚ್ಚಳ

"ಆಗೂದಿಲ್ಲ" ಎಂದವರು ಅಕ್ಕೋರ ಒಡಹುಟ್ಟಿದ ಅಣ್ಣ. ಗಂಗಾವತಿಯ ಬಜಾರದಲ್ಲಿ ಅವರದು ಅರಿವೆ ಅಂಗಡಿ. ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿ, ಗಾದಿಯ ಮೂಲೆಯಲ್ಲಿ ಕೂತು ಬಂದವರಿಗೆ ಬುದ್ಧಿ ಹೇಳುವ ಕೆಲಸವನ್ನು ಮಾತ್ರ ತಮ್ಮ ಬಳಿ ಉಳಿಸಿಕೊಂಡಿದ್ದರು. ಅಂದು ಮನೆಯ ಕಟ್ಟೆಯ ಮೇಲೆ ನಿಂತು, ತಗಡಿನ ಶೆಡ್ಡಿನಲ್ಲಿದ್ದ ಕಾರಿನ ಕಡೆ ಗದ್ದ ಎತ್ತಿ ತೋರಿಸಿ ಹೇಳಿದರು:

"ಇದು ಇನ್ನ ಪಾಸಾಗೂದಿಲ್ಲ. ಕೊಪ್ಪಳ ಮುಟ್ಟೂದ ಇಲ್ಲ, ಪಾಸಾಗೂದು ಎಲ್ಲಿ ಬಂತು? ಸಹಿ ಬೇಕಂದ್ರ ಒಂದ್ ಸಲ ಮಾಡ್ತೀನಿ. ಆಗ್ಲಿಲ್ಲಂದ್ರ ಗುಜರಿಯವನ್ನ ಕರಸ್ತೀನಿ. ಮತ್ತ ಮಾತಿಲ್ಲ."

"ಮತ್ತ ಮಾತಿಲ್ಲ" ಎಂದರು ಅಕ್ಕೋರು.

ನಾನು ಅಲ್ಲೇ ಚಹಾದ ಕಪ್ಪು ಹಿಡಿದು ನಿಂತಿದ್ದೆ. ಆ ಕರಾರಿಗೆ ಸಾಕ್ಷಿ ಬೇಕಾಗಿದ್ದರೆ ನನ್ನನ್ನು ಕರೆಯಬಹುದಿತ್ತು.

ಅಕ್ಕೋರು ತೀರಿಹೋಗಿ ವರ್ಷವಾಗುತ್ತ ಬಂತು. ನಮ್ಮ ಹೈಸ್ಕೂಲಿನಲ್ಲಿ ಸಭೆ ಮಾಡಿದರು. ಮಾತಾಡಿದವರೆಲ್ಲ ಅವರನ್ನು ಮಾತೃಹೃದಯಿ ಎಂದರು, ಶಾಂತಮೂರ್ತಿ ಎಂದರು. ಬಹಳ ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಅವರು ಶಾಂತಮೂರ್ತಿ ಆಗಿರಲಿಲ್ಲ. ಪಾಠದ ನಡುವೆ ಹುಡುಗಿಯೊಬ್ಬಳು ಕಿಟಕಿಯಾಚೆ ನೋಡಿದರೆ ಸೀಮೆಸುಣ್ಣ ಬೀಸಿ ಒಗೆಯುತ್ತಿದ್ದರು, ಗುರಿ ತಪ್ಪುತ್ತಿರಲಿಲ್ಲ. ಹೆಡ್ಮಾಸ್ತರರ ಸುತ್ತೋಲೆಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಿದ್ದುಂಟು. ಸಭೆಯಲ್ಲಿ ಹೇಳಿದ ಹೆಣ್ಣುಮಗಳು ಯಾರೋ ನನಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿದ್ದವರನ್ನು ಬರೆದಿಡುತ್ತೇನೆ. ಹೆಸರು ಬೇಡ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಗಳು ಯಾರೇ ಇರಲಿ, ಮಕ್ಕಳಿಗೆ ಅಕ್ಕೋರೇ. ಇವರು ಮಾತ್ರ ಊರಿಗೆಲ್ಲ ಅಕ್ಕೋರು.

ನಾನು ಗಂಗಾವತಿ ಹತ್ತಿರದ ಮರಳಿ ಎಂಬ ಹಳ್ಳಿಯವಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ, ಅವ್ವ ನಾಟಿ ಹಚ್ಚಲು ಹೋಗುವವಳು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳಿದ್ದೇನೆ. ವಿಜ್ಞಾನ ಕಲಿಸಲು ಆ ಸಾಲಿಗೆ ಬಂದ ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಹೇಳಿದೆ. ಉಳಿದವರು "ಛಲೋ ಆತು" ಎಂದು ಸುಮ್ಮನಾದರು. ಮೂಲೆಯಲ್ಲಿ ಹಿಂದಿ ಪೇಪರು ತಿದ್ದುತ್ತಿದ್ದ ಅಕ್ಕೋರು ಕನ್ನಡಕದ ಮೇಲಿಂದ ನೋಡಿದರು.

"ಮೊದಲನೇದಾಕಿ ಏನು? ಸೈಕಲ್ ಹೊಡಿಯಾಕ ಬರತೈತಿ?"

"ಇಲ್ರಿ."

"ಅಷ್ಟು ದೊಡ್ಡ ಡಿಗ್ರಿ ತಗೊಂಡು ನಡಕೋಂತ ಹೋಗಾಕಿಯೇನು? ಸಂಜೀಕ ಮನಿಗೆ ಬಾ."

ಆ ಸಂಜೆ ಹೋದೆ. ಸೈಕಲ್ ಕಲಿತೆ, ಮುಂದೆ ಸ್ಕೂಟಿಯನ್ನೂ ಅವರೇ ಕಲಿಸಿದರು. ಕಾರನ್ನು ಮಾತ್ರ ಮುಟ್ಟಗೊಡಲಿಲ್ಲ.

ಆ ಕಾರು ಅವರ ಅಪ್ಪನದು. ಅಪ್ಪ ವಕೀಲರು. ಹೈದರಾಬಾದಿನ ಯಾವುದೋ ನವಾಬನಿಂದ ಕೊಂಡು ತಂದರೆಂದು ಊರಲ್ಲಿ ಹೇಳುತ್ತಿದ್ದರು. ಅಕ್ಕೋರು ಅದನ್ನೂ ತಿದ್ದುತ್ತಿದ್ದರು: "ನವಾಬ ಅಲ್ಲ, ನವಾಬರ ಮನಿ ಡಾಕ್ಟರು. ಸುಳ್ಳು ಯಾಕ ಹೇಳೂದು?" ಗುಂಡನೆಯ ಬೆನ್ನು, ಕಪ್ಪೆಗಣ್ಣಿನಂಥ ದೀಪ, ಬೂದಿ ಬಣ್ಣ. ದೂರದಿಂದ ನೋಡಿದರೆ ನೀರು ಕುಡಿಯಲು ಬಗ್ಗಿದ ಎಮ್ಮೆಯ ಹಾಗೆ. ಚಪ್ಪಲಿ ಕಳಚಿ ಸೀಟಿನ ಕೆಳಗಿಟ್ಟು, ಸೆರಗು ಸುತ್ತಿ ಸಿಕ್ಕಿಸಿ, ಬರಿಗಾಲಿನಲ್ಲೇ ಹೊಡೆಯುತ್ತಿದ್ದರು. ಕೇಳಿದರೆ, "ಬ್ರೇಕು ಪಾದಕ್ಕ ತಿಳೀಬೇಕು, ಚಪ್ಪಲಿಗೆ ತಿಳಿದ್ರ ಏನ್ ಬಂತು?" ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಊರು ಕಾರಣ ಹುಡುಕಿ ದಣಿದಿತ್ತು. ಅವರು ಒಂದು ಕಾರಣವನ್ನೂ ಕೊಟ್ಟು ಸಹಾಯ ಮಾಡಲಿಲ್ಲ.

ವಕೀಲರು ಮಗಳಿಗೆ ಕಲಿಸಿದ ಹಾಗೆ ಮಗನಿಗೂ ಕಲಿಸಲು ಹೋಗಿದ್ದರಂತೆ. ಮಗ ಕಾಂಪೌಂಡಿನ ಗೋಡೆಗೆ ಹಾಯಿಸಿ ಇಳಿದವರು ಮತ್ತೆ ಸ್ಟೇರಿಂಗು ಹಿಡಿಯಲಿಲ್ಲ. ಆದರೂ ವಕೀಲರು ಹೋದ ಮೇಲೆ ಗಂಡುಮಗನೆಂದು ಗಾಡಿಯ ಕಾಗದ ಅವರ ಹೆಸರಿಗೇ ಆಯಿತು. ಹೀಗಾಗಿ ಕಾರು ಕಾಗದದಲ್ಲಿ ಅಣ್ಣನದು, ರಸ್ತೆಯಲ್ಲಿ ತಂಗಿಯದು. ತಂಗಿ ಹೊಡೆಯುವ ಕಾರಿನಲ್ಲಿ ಅಣ್ಣ ಕೂತದ್ದನ್ನು ಊರು ನೋಡಿರಲಿಲ್ಲ. ಒಂದೇ ಮನೆಯಿಂದ ಒಂದೇ ಮದುವೆಗೆ ಇವರು ಕಾರಿನಲ್ಲಿ, ಅವರು ಬಸ್ಸಿನಲ್ಲಿ.

ಮುಚ್ಚಳ ಹೋದದ್ದು ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ. ಪ್ರತಿ ಮಹಾನವಮಿಗೆ ಅಕ್ಕೋರು ಕಾರು ತೊಳೆದು, ರೇಡಿಯೇಟರಿನ ಹಿತ್ತಾಳೆ ಮುಚ್ಚಳವನ್ನು ಬಿಚ್ಚಿ ಹುಣಸೆಹಣ್ಣು ಹಚ್ಚಿ ತಿಕ್ಕಿ, ಪಾನಾ, ಜಾಕುಗಳ ಜೊತೆ ಮುಂದಿನ ಸೀಟಿನ ಮೇಲಿಟ್ಟು ಪೂಜೆ ಮಾಡುತ್ತಿದ್ದರು. ವಿಭೂತಿ, ಕುಂಕುಮ, ಮೇಲೆ ಚೆಂಡುಹೂವಿನ ರಾಶಿ. ಮರುದಿನ ಬನ್ನಿ ಕೊಡುವ ತನಕ ಯಾವುದನ್ನೂ ಮುಟ್ಟುವ ಹಾಗಿಲ್ಲ. ಆ ವರ್ಷ ಬನ್ನಿ ಮುಗಿದ ಮೇಲೆ ಬಾಡಿದ ಹೂವನ್ನೆಲ್ಲ ಟವೆಲಿನಲ್ಲಿ ಬಾಚಿ ಕಟ್ಟಿಕೊಂಡು ಹೋಗಿ ಕಾಲುವೆಗೆ ಬಿಟ್ಟು ಬಂದವರು ಅಣ್ಣ. ಪೂಜೆಯ ಹೂವು ಕಾಲಿಗೆ ಸಿಗಬಾರದಲ್ಲ. ಹೂವಿನ ಜೊತೆ ಮುಚ್ಚಳವೂ ಹೋಯಿತು.

"ಭಾರ ತಿಳೀಲಿಲ್ಲೇನು?" ಎಂದು ಅಕ್ಕೋರು ಕೇಳಿದರಂತೆ.

"ತೆಂಗಿನಕಾಯಿ ಹೋಳು ಅಂದ್ಕೊಂಡೆ."

ಬೇಕಂತಲೇ ಮಾಡಿದ್ದಾರೆ ಎಂದು ಊರು ಆಡಿಕೊಂಡಿತು. ಸ್ಟಾಫ್ ರೂಮಿನಲ್ಲಿ ಒಬ್ಬರು ಅಕ್ಕೋರ ಮುಂದೆಯೇ ಅಂದರು. "ನಮ್ಮಣ್ಣ ಅಷ್ಟೆಲ್ಲಾ ವಿಚಾರ ಮಾಡೂ ತ್ರಾಸು ತಗೊಳ್ಳೂ ಪೈಕಿ ಅಲ್ಲ" ಎಂದರು ಅಕ್ಕೋರು, ಮುಖ ಎತ್ತದೆ.

ಮುಚ್ಚಳ ಅಂದರೆ ಬರೀ ಮುಚ್ಚಳ ಎಂದು ನಾನೂ ತಿಳಿದಿದ್ದೆ. ಅದರೊಳಗೆ ಒಂದು ಸ್ಪ್ರಿಂಗು, ಒಂದು ವಾಷರು ಇರುತ್ತದೆ. ನೀರು ಕಾದಾಗ ಒಳಗಿನ ಒತ್ತಡವನ್ನು ಒಂದು ಮಿತಿಯವರೆಗೆ ಹಿಡಿಯಬೇಕು, ಮೀರಿದರೆ ಬಿಡಬೇಕು. ಸಡಿಲಾದರೆ ನೀರೆಲ್ಲ ಆವಿಯಾಗಿ ಹೋಗುತ್ತದೆ, ಬಿಗಿಯಾದರೆ ಹಳೆಯ ಪೈಪು ಒಡೆಯುತ್ತದೆ. ಅದೇ ವರ್ಷ ಕಾರಿನ ನೋಂದಣಿಯ ಅವಧಿ ಮುಗಿಯುತ್ತಿತ್ತು. ಶಿವರಾತ್ರಿಯೊಳಗೆ ಅದು ಗಂಗಾವತಿಯಿಂದ ಕೊಪ್ಪಳದ ಆರ್‌ಟಿಒ ಕಚೇರಿಗೆ ತಾನೇ ನಡೆದು ಹೋಗಿ ಇನ್ಸ್‌ಪೆಕ್ಟರರ ಮುಂದೆ ನಿಲ್ಲಬೇಕಿತ್ತು. ಹಗ್ಗ ಕಟ್ಟಿ ಎಳೆದುಕೊಂಡು ಹೋಗೋಣ ಎಂದು ಯಾರೋ ಸೂಚಿಸಿದ್ದಕ್ಕೆ, "ಹೆಣ ಅಲ್ಲ ಅದು" ಎಂದಿದ್ದರು ಅಕ್ಕೋರು. ಕಟ್ಟೆಯ ಮೇಲಿನ ಆ ಕರಾರು ಆದದ್ದು ಆಗಲೇ.

ಮೊದಲು ಹೋದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ. ಮುಸಲ್ಮಾನರ ಅಂಗಡಿಗೆ ಹೋದರೆ ತಮ್ಮ ಹಿಂದಿ ಆಡುವುದು ಅಕ್ಕೋರ ಚಟ.

"ಭಾಯೀ ಸಾಹಬ್, ಕೃಪಯಾ ಇಸ್ ವಾಹನ್ ಕಾ ಢಕ್ಕನ್ ದಿಖಾಇಯೇ."

ಅಂಗಡಿಯ ಭಾಯ್ ಕೈಮುಗಿದ. "ಅಕ್ಕೋರ, ಕನ್ನಡದಾಗ ಹೇಳ್ರಿ. ನಿಮ್ಮ ಹಿಂದಿ ರೇಡಿಯೋದಾಗ ಬರೂದು, ನಮ್ಮ ಮನ್ಯಾಗ ಬರೂದಲ್ಲ."

ಈ ಗಾಡಿಯ ಮುಚ್ಚಳ ತೋರಿಸಿ ಎಂದು ಅಕ್ಕೋರು ಕನ್ನಡದಲ್ಲಿ ಹೇಳಿದರು. ಭಾಯ್ ಕೊಟ್ಟ ಮುಚ್ಚಳ ಕೂತಿತು, ತಿರುಗಿತು, ಬಿಗಿಯಿತು. ಕಾಲುವೆ ಸೇತುವೆ ಮುಟ್ಟುವಷ್ಟರಲ್ಲಿ ಬಾನೆಟ್ಟಿನಿಂದ ಬಚ್ಚಲುಮನೆಯ ಹಾಗೆ ಹಬೆ ಏಳತೊಡಗಿತು. ಈಗಿನ ಮುಚ್ಚಳಗಳು ಗಿಡ್ಡ. ಹಳೆಯ ರೇಡಿಯೇಟರಿನ ಕುತ್ತಿಗೆ ಆಳ. ಮೇಲೆ ಬಾಯಿ ಮುಚ್ಚಿದರೂ ಒಳಗಿನ ವಾಷರು ತಳ ಮುಟ್ಟುತ್ತಿರಲಿಲ್ಲ.

ಆಗ ಅಕ್ಕೋರು ಕುತ್ತಿಗೆಯ ಅಳತೆಯನ್ನೇ ಒಯ್ಯುವುದೆಂದು ಚಪಾತಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಅದರೊಳಗೆ ಒತ್ತಿ ಅಚ್ಚು ತೆಗೆದರು. ಮಾಳಿಗೆಯ ಮೇಲೆ ಒಣಗಿಸಿ, ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಕುಷ್ಟಗಿಗೆ ಹೋದರು. ಅಲ್ಲಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಚ್ಚಿಗೆ ತಕ್ಕ ಮುಚ್ಚಳ ಸಿಕ್ಕೇಬಿಟ್ಟಿತು. ಗೆದ್ದವರ ಹಾಗೆ ಬಂದರು. ಕಾರಿಗೆ ಹಚ್ಚಿದರೆ ಕೂರಲೇ ಇಲ್ಲ, ಸಣ್ಣದು.

ಮರುದಿನ ಸ್ಟಾಫ್ ರೂಮಿನಲ್ಲಿ ತಾವೇ ಹೇಳಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಹಿಟ್ಟು ಒಣಗಿದ್ರ ಕುಗ್ಗತೈತಿ. ಹುಟ್ಟಿದಾಗಿಂದ ಹಿಟ್ಟು ನಾದೀನಿ, ಇದು ತಿಳೀಲಿಲ್ಲ. ಇನ್ನ ಮ್ಯಾಲ ನನಗ ಯಾರೂ ಶ್ಯಾಣ್ಯಾಕಿ ಅನಬ್ಯಾಡ್ರಿ."

ತಮ್ಮ ತಪ್ಪನ್ನು ಹೀಗೆ ಎಲ್ಲರೆದುರು ಹಂಚಿ ತಿನ್ನುವವರನ್ನು ನಾನು ಮತ್ತೆ ನೋಡಿಲ್ಲ. ಹುಡುಗಿಯರ ತಪ್ಪಿಗೆ ಸೀಮೆಸುಣ್ಣ, ತಮ್ಮ ತಪ್ಪಿಗೆ ನಗು. ನ್ಯಾಯವಲ್ಲ, ಆದರೆ ಹಾಗೇ ಇತ್ತು.

ಯಲಬುರ್ಗಾದಲ್ಲಿ ಗುಜರಿಯವನೊಬ್ಬ ಹಳೆಯ ಕಾರು ಬಿಚ್ಚಿದ್ದಾನೆ ಎಂಬ ಸುದ್ದಿ ಕೇಳಿ ಇಬ್ಬರೂ ಹೋದೆವು. ಅವನು ಕುರ್ಚಿ ಹಾಕಿಸಿ ಚಹಾ ತರಿಸಿದ. "ಮುಚ್ಚಳ ಇಲ್ರಿ. ಗಾಡೀನ ಕೊಡ್ರಿ, ಛಲೋ ರೇಟ್ ಹಚ್ತೀನಿ" ಎಂದ. ಅಕ್ಕೋರು ಚಹಾ ಅಲ್ಲೇ ಬಿಟ್ಟು ಎದ್ದರು. 

ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದನ್ನು ತರಿಸಿದರು. ಕನ್ನಡಿಯಂತೆ ಹೊಳೆಯುತ್ತಿತ್ತು, ಆಳವೂ ಸರಿ ಇತ್ತು. ಸ್ಪ್ರಿಂಗು ಮಾತ್ರ ಇಂದಿನ ಗಾಡಿಗಳದು, ಬಲು ಬಿಗಿ. ಸಾಲಿಯ ಗೇಟಿನ ಮುಂದೆಯೇ ಪೈಪು ಢಂ ಎಂದು ಒಡೆದು ಹೆಡ್ಮಾಸ್ತರರು ಹೊರಗೆ ಓಡಿ ಬಂದರು. ಅಕ್ಕೋರು ಪೈಪು ಬದಲಿಸಿದರೂ ಆ ಮುಚ್ಚಳವನ್ನು ಒಗೆಯಲಿಲ್ಲ. ಕೂರದ ಮುಚ್ಚಳಗಳನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ತಿರುಗುತ್ತಿದ್ದರು. ನಡೆದರೆ ಗಲಗಲ ಸಪ್ಪಳ.

ಇರಕಲ್ಲಗಡದಲ್ಲಿ ನಮ್ಮ ಸಹೋದ್ಯೋಗಿಯ ಮಗನ ಮದುವೆ. ಅಕ್ಷತೆ ಬಿದ್ದ ಕೂಡಲೇ ಎಲ್ಲರೂ ಊಟದ ಕಡೆ ನಡೆದರೆ ಅಕ್ಕೋರು ಹೊರಗೆ ನಿಂತ ಹಳೆಯ ಜೀಪುಗಳ ಬಾನೆಟ್ಟು ಎತ್ತಿಸುತ್ತಿದ್ದರು. ಡ್ರೈವರೊಬ್ಬನಿಗೆ ಸಂಶಯ ಬಂತು.

"ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ ನೀವು?"

"ನಾನು ಮುಚ್ಚಳದ ಕಡೆಯಾಕಿ" ಎಂದರು.

ಕಡೆಗೆ ಅದು ಕಂಡದ್ದು ಚುನಾವಣೆಯ ಡ್ಯೂಟಿಯಲ್ಲಿ. ಪಂಚಾಯಿತಿ ಚುನಾವಣೆಗೆ ನಮ್ಮಿಬ್ಬರನ್ನೂ ಸಿದ್ದಾಪುರದ ಕಡೆಯ ಒಂದು ಕ್ಯಾಂಪಿನ ಸಾಲಿಗೆ ಹಾಕಿದ್ದರು. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಗೆ ಇಲ್ಲಿ ಕ್ಯಾಂಪ್ ಎನ್ನುತ್ತಾರೆ. ಅಕ್ಕೋರದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ಬೆಳಗಿನಿಂದ ಅವರ ಕಣ್ಣು ಕಿಟಕಿಯಾಚೆ. ತರಗತಿಯಲ್ಲಿ ಇದೇ ಕೆಲಸಕ್ಕೆ ಸೀಮೆಸುಣ್ಣ ಬೀಳುತ್ತಿತ್ತು. ಎದುರಿನ ಮನೆಯ ಚಪ್ಪರದ ಕೆಳಗೆ ಹಳೆಯ ಟ್ರ್ಯಾಕ್ಟರೊಂದು ನಿಂತಿತ್ತು. ಬಣ್ಣ ಹೋಗಿದೆ, ಗಾಲಿ ಮಣ್ಣಿಗಿಳಿದಿದೆ, ಸೀಟಿನ ಮೇಲೆ ಕೋಳಿ. ಮೂಗಿನ ಮೇಲೆ ಮಾತ್ರ ಹಿತ್ತಾಳೆ ಮುಚ್ಚಳ.

"ಆ ಕುತ್ತಿಗಿ ನೋಡವಾ," ಎಂದು ನನ್ನ ಕಿವಿಯಲ್ಲಿ ಅಂದರು. "ನಮ್ಮದರ ಅಕ್ಕ-ತಂಗಿ ಇದ್ದಂಗ ಐತಿ."

ಮುಂದಿನ ರವಿವಾರ ಕಾರಿನಲ್ಲೇ ಹೊರಟೆವು. ರೇಡಿಯೇಟರಿನ ಬಾಯಿಗೆ ಅರಿವೆ ತುರುಕಿ, ಹಿಂದಿನ ಸೀಟಿನಲ್ಲಿ ಕೊಡಗಳನ್ನಿಟ್ಟುಕೊಂಡು. ಹಬೆ ಎದ್ದಲ್ಲೆಲ್ಲ ನಿಲ್ಲಿಸಿ, ಆರಲು ಬಿಟ್ಟು, ನಾನು ಕಾಲುವೆಗಿಳಿದು ನೀರು ತರುವುದು, ಅಕ್ಕೋರು ಹೊಯ್ಯುವುದು. ಬೈಕಿನವರು ನಿಂತು ನೋಡಿ, ನಕ್ಕು ಹೋಗುತ್ತಿದ್ದರು. ಬಿಸಿಲು ಏರುವ ಹೊತ್ತಿಗೆ ಕ್ಯಾಂಪು ಮುಟ್ಟಿದೆವು.

ಟ್ರ್ಯಾಕ್ಟರಿನ ಯಜಮಾನರು ಬಿಳಿ ಪಂಚೆಯ ಹಿರಿಯರು. ಕನ್ನಡದಲ್ಲೇ ಮಾತಾಡಿದರು, ತೆಲುಗಿನ ಎಳೆತದಲ್ಲಿ. ಮಜ್ಜಿಗೆ ಕೊಟ್ಟರು, ಮಂಚದ ಮೇಲೆ ಕೂಡಿಸಿದರು, ವಿಷಯ ಕೇಳಿದರು. ತಲೆ ಅಲ್ಲಾಡಿಸಿದರು.

"ಅದು ಮಾತ್ರ ಕೊಡೋದಿಲ್ಲಮ್ಮಾ. ಈ ನೆಲ ಸಮ ಮಾಡಿದ್ದು ಅದೇ. ನಿಂತಿದೆ ಅಂತ ಕಿತ್ತು ಕೊಡ್ಲಾ? ದಸರಾಕ್ಕೆ ನಾವೂ ಪೂಜೆ ಮಾಡ್ತೀವಿ. ಲಕ್ಷ್ಮಿ ಬಾಯಿ ತೆರಕೊಂಡು ನಿಲ್ಲಬಾರದು."

ನಾನು ಏನೋ ಹೇಳಲು ಹೋದೆ. ಅಕ್ಕೋರು ತಡೆದರು. "ಅವರು ಹೇಳೂದು ಖರೇ ಐತಿ" ಎಂದರು. ಹಿರಿಯರ ಕಡೆ ತಿರುಗಿ, "ಕೊಡಬ್ಯಾಡ್ರಿ. ಒಂದ್ ಸಲ ಹಚ್ಚಿ ನೋಡಾಕ ಕೊಡ್ರಿ. ಇಂಥಾದ್ದ ಬೇಕಂತ ಹುಡುಕಾಕಾದ್ರೂ ತಿಳೀಲಿ" ಎಂದರು.

ಅದಕ್ಕೆ ಹಿರಿಯರು ಇಲ್ಲ ಎನ್ನಲಿಲ್ಲ, ಬಿಚ್ಚಿ ಕೊಟ್ಟರು. ಅಕ್ಕೋರು ಅದನ್ನು ಕಾರಿಗೆ ಹಚ್ಚಿದರು. ಕಾರು ಚಾಲೂ ಮಾಡಿ ಬಿಟ್ಟು, ಚಪ್ಪರದಡಿ ಮೂವರೂ ನಿಂತೆವು. ಎಂಜಿನ್ನು ಬಿಸಿಯಾಯಿತು. ಹಬೆ ಏಳಲಿಲ್ಲ, ನೀರು ಚೆಲ್ಲಲಿಲ್ಲ. ಅಕ್ಕೋರು ಅಂಗೈಯನ್ನು ಮುಚ್ಚಳದ ಮೇಲೆ ಗಾಳಿಯಲ್ಲಿ ಹಿಡಿದು ನಿಂತೇ ಇದ್ದರು, ಜ್ವರದ ಮಗುವಿನ ಹಣೆ ನೋಡುವವರ ಹಾಗೆ. ಆರಿದ ಮೇಲೆ ತಾವೇ ಬಿಚ್ಚಿದರು. ಸೆರಗಿನಿಂದ ಒರೆಸಿ, ಟ್ರ್ಯಾಕ್ಟರಿನ ಮೂಗಿಗೆ ಮತ್ತೆ ತಿರುಗಿಸಿ ಬಿಗಿದು, ಬಂದು ಮಂಚದ ಮೇಲೆ ಕೂತರು.  ಮಜ್ಜಿಗೆಯ ಲೋಟಕ್ಕೆ ಕೈ ಚಾಚಿದಾಗ ಹೆಗಲಿನ ಚೀಲ ಗಲಗಲ ಎಂದಿತು. ಹಿರಿಯರು ಅದರ ಕಡೆ ನೋಡಿದರು.

"ಆ ಚೀಲದಾಗೇನು ಸದ್ದು?" ಎಂದು ಕೇಳಿದರು.

ಅಕ್ಕೋರು ಚೀಲವನ್ನು ಮಂಚದ ಮೇಲೆ ಸುರುವಿದರು. ಹಿರಿಯರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಎದ್ದು ಹೋಗಿ ಹಳೆಯದನ್ನು ಬಿಚ್ಚಿ, ಒಂದೊಂದನ್ನೇ ಟ್ರ್ಯಾಕ್ಟರಿಗೆ ಇಟ್ಟು, ಹಿಂದೆ ಸರಿದು ತಲೆ ವಾಲಿಸಿ ನೋಡತೊಡಗಿದರು. ಬಳೆಗಾರನ ಮುಂದೆ ಕೂತ ಹೆಣ್ಣುಮಕ್ಕಳು ಹಾಗೆ ನೋಡುತ್ತಾರೆ. ಕಡೆಗೆ ನಮ್ಮ ಪೈಪು ಒಡೆದ ಆ ಹೊಳೆಯುವ ಮುಚ್ಚಳದ ಹತ್ತಿರ ಅವರ ಕೈ ನಿಂತಿತು.

"ಇದು ಛಂದ ಇದೆ."

ನಾನು ಉಸಿರು ಬಿಡಲಿಲ್ಲ. ಆದರೆ ಅಕ್ಕೋರು ಬಾಯಿ ಬಿಟ್ಟರು. "ಅಣ್ಣಾರ, ಅದು ಭಾಳ ಬಿಗಿ. ಗಾಡಿ ಚಾಲೂ ಮಾಡಿದ್ರ ಪೈಪು ಒಡೀತೈತಿ. ಮೊದಲ ಹೇಳ್ತೀನಿ."

ಹಿರಿಯರು ನಕ್ಕರು. "ಚಾಲೂ ಮಾಡೋರು ಯಾರಮ್ಮಾ? ನಾನಾ, ಕೋಳಿಯಾ?"

ಒಳಗಿನಿಂದ ಕುಂಕುಮ ತರಿಸಿ ಹೊಸ ಮುಚ್ಚಳಕ್ಕೆ ಹಚ್ಚಿದರು. ಹಳೆಯದನ್ನು ಅಕ್ಕೋರ ಅಂಗೈಯಲ್ಲಿ ಇಟ್ಟರು. ವಾಪಸು ಬರುವಾಗ ನಾವು ಎಲ್ಲಿಯೂ ನಿಲ್ಲಲಿಲ್ಲ. ಖಾಲಿ ಕೊಡಗಳು ಹಿಂದಿನ ಸೀಟಿನಲ್ಲಿ ಉರುಳಾಡುತ್ತಿದ್ದವು.

ಪಾಸಿಂಗಿನ ದಿನ ಮಾಲೀಕರೂ ಬರಬೇಕಿತ್ತು. "ನಮ್ಮ ಕೂಡ ಬರ್ರಿ" ಎಂದು ನಾನೇ ಅಂಗಡಿಗೆ ಹೋಗಿ ಕರೆದೆ. "ನಡೂ ದಾರ್ಯಾಗ ನಿಂತ್ರ ಯಾರು ನೂಕೋರು? ನನಗ ಬಸ್ಸೈತಿ" ಎಂದರು ಅಣ್ಣ. ನಾವು ಕೊಪ್ಪಳ ಮುಟ್ಟಿದಾಗ ಅವರು ಕಚೇರಿಯ ಬೇವಿನ ಗಿಡದ ಕೆಳಗೆ ಛತ್ರಿ ಊರಿ ನಿಂತಿದ್ದರು. ಕಾರನ್ನು ನೋಡಿದರು. ಬಾನೆಟ್ಟು ನೋಡಿದರು. 

ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು. ದೀಪ, ಹಾರ್ನು, ಬ್ರೇಕು ನೋಡಿದರು. ಬಾನೆಟ್ಟು ಎತ್ತಿಸಿ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ, "ಮಾಲೀಕರು ಯಾರ್ರಿ? ಒಂದ್ ರೌಂಡ್ ಹೊಡೀರಿ" ಎಂದರು.

ಅಣ್ಣ ಮುಂದೆ ಬಂದರು. ಸುತ್ತ ಲಾರಿಯವರು, ಏಜೆಂಟರು, ಲೈಸೆನ್ಸಿಗೆ ಬಂದ ಹುಡುಗರು ಎಲ್ಲ ನಿಂತು ಈ ಕಾರನ್ನೇ ನೋಡುತ್ತಿದ್ದರು.

"ಮಾಲೀಕ ನಾನ್ರಿ," ಎಂದರು. ಆಮೇಲೆ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, "ನನಗ ಹೊಡಿಯಾಕ ಬರಂಗಿಲ್ಲ. ತಂಗಿ ಹೊಡೀತಾಳ" ಎಂದರು.

ಯಾರೋ ಹುಡುಗ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ, "ಹೊಡೀರಿ ಅಮ್ಮಾರ" ಎಂದರು. ಅಕ್ಕೋರು ಚಪ್ಪಲಿ ಕಳಚಿ ಕೂತರು. ಮೈದಾನ ಸುತ್ತಿದರು, ಹಿಂದಕ್ಕೆ ತಂದರು, ಸುಣ್ಣದ ಗೆರೆಯ ಮೇಲೆ ನಿಲ್ಲಿಸಿದರು. ಬಿಸಿಲು ಸುಡುತ್ತಿತ್ತು. ಬಾನೆಟ್ಟಿನಿಂದ ಒಂದು ಎಳೆ ಹಬೆಯೂ ಏಳಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಕಿಟಕಿಯಲ್ಲಿ ಹೆಸರು ಕೂಗಿದರು. ಅಣ್ಣನ ಹೆಸರು. ಅವರು ಹೋಗಿ ಸರ್ಟಿಫಿಕೇಟು ತಗೊಂಡರು. ಬಿಸಿಲಿಗೆ ಬಂದು ಕನ್ನಡಕ ಏರಿಸಿ ಓದಿದರು. ನಾನು ನನ್ನ ಡಿಗ್ರಿಯ ಕಾಗದ ಓದಿದ್ದೂ ಹಾಗೆಯೇ, ತಾರೀಖು, ಸೀಲು, ಸಹಿ ಒಂದೂ ಬಿಡದೆ. ಓದಿ ಮುಗಿಸಿ ಅದನ್ನು ತಂಗಿಯ ಕೈಗೆ ಕೊಟ್ಟರು. ಅಕ್ಕೋರು ನೋಡದೆಯೇ ಮಡಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಕಾರಿನ ಕಡೆ ನಡೆದರು.

ಅಣ್ಣ ಬಸ್‌ಸ್ಟ್ಯಾಂಡಿನ ದಾರಿಗೆ ಛತ್ರಿ ಬಿಚ್ಚಿ ಎರಡು ಹೆಜ್ಜೆ ಇಟ್ಟವರು ನಿಂತರು. ತಿರುಗಿ ಬಂದು ಕಾರಿನ ಪಕ್ಕ ನಿಂತು, ಛತ್ರಿ ಮಡಚಿದರು. ನಾನು ಮುಂದಿನ ಬಾಗಿಲಿನ ಹಿಡಿಕೆಯಿಂದ ಕೈ ತೆಗೆದೆ.

"ಎಲ್ಲಿ ಕುಂದರ್ಲೇ?" ಎಂದರು ತಂಗಿಗೆ. "ಮುಂದೋ, ಹಿಂದೋ?"